‘ಇಲ್ಲ’ ಅಂದರೆ ನಂಬದ ಅನುಮಾನದಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಐವತ್ತೆರಡರ ಹೆಂಗಸೊಬ್ಬರು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ, ದಪ್ಪ ಕಡತವೊಂದನ್ನು ಕಳ್ಳನನ್ನು ವಿಚಾರಿಸುವ ಪೊಲೀಸರಂತೆ ದಿಟ್ಟಿಸುತ್ತಿದ್ದಾರೆ. ಒಂದೊಂದೇ ಹಾಳೆ ಮಗುಚುತ್ತಾರೆ. “ಎಲ್ಲಿ ಬಚ್ಚಿಟ್ಟಿದ್ದೀಯ, ಹೇಳಿಬಿಡು,” ಎನ್ನುವುದು ಕಡತಕ್ಕೇ. ಹದಿನೇಳನೇ ಪುಟದ ಅಂಚಿನಲ್ಲಿ ಯಾರೋ ವೈದ್ಯರು ಪೆನ್ಸಿಲ್‌ನಲ್ಲಿ ಗೀಚಿದ ಅರ್ಧ ಸಾಲು ಸಿಗುತ್ತದೆ: ‘ಸಲ್ಫಾ ಮಾತ್ರೆ ಕೊಡಬೇಡಿ’. ಮೂರು ಸಲ ಓದಿ, ಆಮೇಲೆ ಕೀಲಿಮಣೆಗೆ ಕೈಹಾಕುತ್ತಾರೆ.

ದಾಖಲೆ ಕೋಣೆಯ ಈ ಗುಮಾಸ್ತೆಯನ್ನು ಇಡೀ ಆಸ್ಪತ್ರೆ ಕರೆಯುವುದು ‘ಅನುಮಾನದಕ್ಕ’ ಎಂದು. ಹೆಸರು ಸುಮ್ಮನೆ ಬಂದಿಲ್ಲ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನಿಂದ ವಾಪಸ್ ಬಂದು ಇನ್ನೊಮ್ಮೆ ಎಳೆಯುವವರು ಇವರು. ಹಾಲಿನ ಪೊಟ್ಟಣದ ತಾರೀಖು ಓದಿದ ಮೇಲೂ ಮೂಸುತ್ತಾರೆ. “ಮದುವೆಗೆ ಮುಂಚೆ ನನ್ನ ಬಗ್ಗೆ ನಾಲ್ಕು ಕಡೆ ವಿಚಾರಿಸಿದ್ಲು. ಮದುವೆ ಆದ್ಮೇಲೂ ವಿಚಾರಣೆ ನಿಂತಿಲ್ಲ,” ಎಂದು ನಗುತ್ತಾರೆ ಬಸ್ ಓಡಿಸುವ ಗಂಡ.

ಇಪ್ಪತ್ಮೂರು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಕಡತ ಹೊರುವ ಕೆಲಸಕ್ಕೆ. ಮೂರು ಮಹಡಿ, ದಿನಕ್ಕೆ ನಲವತ್ತು ಸಲ. ಮಂಡಿ ಸವೆದ ಮೇಲೆ ಕುರ್ಚಿ ಸಿಕ್ಕಿತು. ಕಂಪ್ಯೂಟರ್ ಕಲಿತದ್ದು ಮಗಳ ಪಕ್ಕ ಕೂತು, ಅವಳಿಂದ ಬೈಸಿಕೊಂಡು.

ಆಸ್ಪತ್ರೆಯ ತಂತ್ರಾಂಶವನ್ನು ಅಂತರ್ಜಾಲದ ಕ್ಲೌಡ್‌ಗೆ ಸಾಗಿಸುವುದೆಂದು ಈ ವರ್ಷದ ಮೊದಲಲ್ಲಿ ತೀರ್ಮಾನವಾಗುತ್ತದೆ. ಎರಡು ಲಕ್ಷ ಹದಿನಾಲ್ಕು ಸಾವಿರ ರೋಗಿಗಳ ದಾಖಲೆ. ಅದಕ್ಕೂ ಮೊದಲು ಮೆಟಾಡೇಟಾ ಸಿದ್ಧವಾಗಬೇಕು: ಯಾವ ದಾಖಲೆ ಯಾರದು, ಯಾವಾಗಿನದು, ಅದರ ಯಾವ ಕಾಲಂಗೆ ಏನರ್ಥ. “ಡಬ್ಬಿ ಮೇಲೆ ಚೀಟಿ ಅಂಟಿಸಿದ ಹಾಗೆ. ಒಳಗಿರೋದನ್ನ ಯಾರೂ ರುಚಿ ನೋಡಲ್ಲ, ಚೀಟಿ ಓದಿ ಸುರೀತಾರೆ. ಅದಕ್ಕೇ ನಂಗೆ ಚೀಟಿ ಮೇಲೇ ಕಣ್ಣು,” ಎನ್ನುತ್ತಾರೆ ಅಕ್ಕ.

ಪ್ರಾಯೋಗಿಕ ವರ್ಗಾವಣೆ ಮುಗಿದ ದಿನ ಎಂಜಿನಿಯರು ನೂರಕ್ಕೆ ನೂರು ಯಶಸ್ವಿ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಕ್ಕ ತಟ್ಟುವುದಿಲ್ಲ. “ನೂರಕ್ಕೆ ನೂರು ಅಂದ್ರೆ ಯಾರೋ ಸರಿಯಾಗಿ ನೋಡಿಲ್ಲ ಅಂತ.” ತಮ್ಮ ನಾದಿನಿಗೆ ಫೋನ್ ಮಾಡಿ, ಒಪ್ಪಿಗೆ ಕೇಳಿ, ಅವರ ದಾಖಲೆ ತೆರೆಯುತ್ತಾರೆ. ಒಂಬತ್ತು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಗಂಟಲು ಊದಿ ಎರಡು ದಿನ ಸಾವು ಬದುಕಿನ ನಡುವೆ ಇದ್ದವರು ಆಕೆ. ಪರದೆಯ ಮೇಲೆ ‘ಔಷಧ ಅಲರ್ಜಿ: ಇಲ್ಲ’ ಎಂದಿದೆ.

ಅಲರ್ಜಿಯ ಮಾತು ಇದ್ದದ್ದು ಕಾಗದದ ಕಡತದಲ್ಲಿ ಮಾತ್ರ; ಹಳೆಯ ತಂತ್ರಾಂಶದಲ್ಲಿ ಆ ಕಾಲಂ ಖಾಲಿಯಿತ್ತು. ಹೊಸದು ಖಾಲಿ ಕಾಲಂ ಒಪ್ಪುವುದಿಲ್ಲವಾದ್ದರಿಂದ, ಖಾಲಿ ಇದ್ದಲ್ಲೆಲ್ಲ ‘ಇಲ್ಲ’ ಎಂದು ತುಂಬಿಬಿಟ್ಟಿದ್ದಾರೆ.

“ಎಲ್ಲ ಕಡೆ ಹೀಗೇ ಮಾಡ್ತಾರೆ ಮೇಡಂ,” ಎನ್ನುತ್ತಾರೆ ಎಂಜಿನಿಯರು.

“ಎಲ್ಲ ಕಡೆ ಅಂದ್ರೆ ಎಲ್ಲಿ? ಫೋನ್ ನಂಬರ್ ಕೊಡಿ, ಕೇಳ್ತೀನಿ.”

ನಿಜವಾದ ವರ್ಗಾವಣೆಗೆ ಉಳಿದಿರುವುದು ಹನ್ನೊಂದೇ ದಿನ, ಕೆದಕಬೇಡಿ ಎಂದು ವ್ಯವಸ್ಥಾಪಕರು ಕೈಮುಗಿಯುತ್ತಾರೆ. ಅಕ್ಕ ವಾದಿಸುವುದಿಲ್ಲ. ಮರುದಿನದಿಂದ ಎರಡು ಗಂಟೆ ಮೊದಲೇ ಬಂದು, ದಿನಕ್ಕೆ ಮೂವತ್ತು ‘ಇಲ್ಲ’ಗಳನ್ನು ಕಾಗದದ ಕಡತಗಳೊಂದಿಗೆ ತಾಳೆ ನೋಡುತ್ತಾರೆ. ಒಂಬತ್ತು ದಿನಕ್ಕೆ ಇನ್ನೂರ ಎಪ್ಪತ್ತು. ಅವುಗಳಲ್ಲಿ ಹತ್ತೊಂಬತ್ತು ಸುಳ್ಳು. ಹತ್ತನೇ ದಿನ ಆ ಹತ್ತೊಂಬತ್ತು ಕಡತಗಳನ್ನೂ ತೋಳ ಮೇಲೆ ಹೊತ್ತು ಮುಖ್ಯ ವೈದ್ಯರ ಮೇಜಿನ ಮೇಲೆ ಇಳಿಸುತ್ತಾರೆ. ವೈದ್ಯರು ಮೂರನ್ನು ಓದಿ ನಾಲ್ಕನೆಯದನ್ನು ತೆರೆಯುವುದಿಲ್ಲ. “ವರ್ಗಾವಣೆ ನಿಲ್ಸಿ,” ಎಂದು ಫೋನ್ ಎತ್ತಿಕೊಳ್ಳುತ್ತಾರೆ.

ಮೂರು ವಾರ ತಡವಾಗಿ ದಾಖಲೆಗಳು ಕ್ಲೌಡ್ ಸೇರುತ್ತವೆ. ಅಲರ್ಜಿ ಕಾಲಂನಲ್ಲಿ ‘ಇದೆ’, ‘ಇಲ್ಲ’ಗಳ ಜೊತೆಗೆ ಈಗ ಮೂರನೆಯದೊಂದು, ಕೆಂಪು ಅಕ್ಷರದಲ್ಲಿ: ‘ಕೇಳಿಲ್ಲ’. ಅರವತ್ತೊಂದು ಸಾವಿರ ರೋಗಿಗಳ ಮುಂದೆ ಅದೇ ಇದೆ. ಕಾಗದ ಕೆದಕಿ ಅದನ್ನು ಕರಗಿಸುವುದೇ ಅಕ್ಕನ ಮುಂಜಾವಿನ ಕೆಲಸ. “ಅವರು ಗುಡ್ ಮಾರ್ನಿಂಗ್ ಅಂದ್ರೂ ಏನೋ ತಪ್ಪು ಹಿಡಿದಿದಾರೆ ಅನ್ಸತ್ತೆ,” ಎನ್ನುವ ಎಂಜಿನಿಯರು ಈಗ ಯಾವ ಪಟ್ಟಿಯನ್ನೂ ಅಕ್ಕನಿಗೆ ತೋರಿಸದೆ ಕಳಿಸುವುದಿಲ್ಲ.

ಕಳೆದ ತಿಂಗಳು ಕೈಮುರಿದ ಅಜ್ಜಿಯೊಬ್ಬರು ತುರ್ತು ವಿಭಾಗಕ್ಕೆ ಬಂದಿದ್ದರಂತೆ. ಸಿರಿಂಜ್ ಹಿಡಿದ ವೈದ್ಯರು ಕೆಂಪು ‘ಕೇಳಿಲ್ಲ’ ನೋಡಿ ನಿಂತು, ಕೇಳಿದರಂತೆ. ಹಿಂದೊಮ್ಮೆ ಇದೇ ಔಷಧಕ್ಕೆ ಮುಖವೆಲ್ಲ ಊದಿತ್ತು ಎಂದರಂತೆ ಅಜ್ಜಿ. ಔಷಧ ಬದಲಾಯಿತು. ಇದನ್ನೆಲ್ಲ ಅಕ್ಕನಿಗೆ ಹೇಳಿದ್ದು ಮೆಟ್ಟಿಲ ಬಳಿ ಎದುರಾದ ನರ್ಸ್.

ಹೆಮ್ಮೆ ಆಯ್ತಾ ಎಂದರೆ ಕಡತದಿಂದ ಕಣ್ಣು ಕೀಳದೆ ಹೇಳುತ್ತಾರೆ: “ಡಾಕ್ಟ್ರು ಕೇಳಿದ್ರಲ್ಲ, ಅಷ್ಟು ಸಾಕು.” ಹಾಳೆಯೊಂದನ್ನು ಮಗುಚಿ ದನಿ ತಗ್ಗಿಸುತ್ತಾರೆ. “ಆದ್ರೂ ಒಂದು ಅನುಮಾನ ಇತ್ತು. ಕೇಳಿದ್ದನ್ನ ಬರೆದ್ರೋ ಇಲ್ವೋ ಅಂತ. ಮಾರನೇ ದಿನ ಬೆಳಿಗ್ಗೆ ಬಂದವಳೇ ಅಜ್ಜಿ ದಾಖಲೆ ತೆಗೆದು ನೋಡ್ದೆ. ಬರೆದಿದ್ರು.”