ಎರಡು ಷೇರು ಪೇಟೆ ತೂಗಿದ ತೂಕದಕ್ಕ

ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ತೂಕದಕ್ಕ ಕಿಟಕಿಯ ಗಾಜು ಒರೆಸಿ, ಲಾರಿ ತೂಗುವ ಯಂತ್ರದ ಪರದೆಯಲ್ಲಿ ಸೊನ್ನೆ ಬಂದಿದೆಯೇ ಎಂದು ನೋಡುತ್ತಿದ್ದಳು. ಸೊನ್ನೆ ಬಾರದೆ ಯಾವ ಲಾರಿಯನ್ನೂ ಅವಳು ಹತ್ತಿಸಿದವಳಲ್ಲ. ಕಿಟಕಿಯಿಂದ ಐವತ್ತು ಹೆಜ್ಜೆಗೆ ಕೆಂಪು-ಬಿಳಿ ಅಡ್ಡಗಂಬ. ಅದರಾಚೆ ಬೇರೆ ದೇಶ. ಇಪ್ಪತ್ತೆರಡು ವರ್ಷಗಳಿಂದ ಗಡಿ ದಾಟುವ ಸರಕೆಲ್ಲ ಅವಳ ಕಣ್ಣೆದುರೇ ತೂಕವಾಗಿ ಹೋಗಿದೆ.

"ಕೆಳಗಿಳೀರಿ," ಎಂದಳು ಮೊದಲ ಲಾರಿಯ ಡ್ರೈವರನಿಗೆ.

"ನಾನೊಬ್ಬ ಕೂತಿದ್ರೆ ಏನು ಮಹಾ ಭಾರ ಅಕ್ಕ?"

"ನಿಮ್ಮನ್ನೂ ಕಲ್ಲಿದ್ದಲು ಅಂತ ಬರೀಬೇಕಾಗುತ್ತೆ."

ಅವನು ನಗುತ್ತ ಇಳಿದ.

ತೂಕದಕ್ಕನ ಹೆಸರಲ್ಲಿ ಒಂದು ಷೇರೂ ಇರಲಿಲ್ಲ. ಆದರೂ ಅವಳ ಡೈರಿಯಲ್ಲಿ ಆಯಾ ದಿನ ದಾಟಿದ ಲಾರಿಗಳ ಸಂಖ್ಯೆ, ಪಕ್ಕದಲ್ಲಿ ಎರಡು ಬಾಣ: ಈಚೆಯ ಷೇರು ಪೇಟೆ ಏರಿತೋ ಇಳಿಯಿತೋ, ಆಚೆಯದು ಏನಾಯಿತು. ಆಚೆಯ ಸಿಮೆಂಟ್ ಗೂಡುಗಳು ಉರಿದರೆ ಈಚೆಯ ಗಣಿಯ ಕಲ್ಲಿದ್ದಲು ಹೋಗುತ್ತದೆ. ಎರಡೂ ಪೇಟೆಗಳಲ್ಲಿ ದೊಡ್ಡ ಕಂಪನಿಗಳೆಂದರೆ ಇವೇ. ಲಾರಿ ಹೆಚ್ಚಾದರೆ ಪೇಟೆಗಳು ಜೋಡೆತ್ತಿನಂತೆ ನಡೆಯುತ್ತವೆ ಎಂಬುದು ಅವಳ ಗುಮಾನಿ.

ಗುಮಾನಿಗೆ ಬೆಲೆ ಬಂದದ್ದು ಒಂದು ಭಾನುವಾರದ ಊಟದ ಹೊತ್ತಿಗೆ. ಅವಳ ಗಂಡ ದರ್ಜಿ. ಹದಿನೆಂಟು ವರ್ಷ ಇನ್ನೊಬ್ಬರ ಅಂಗಡಿಯ ಜಗಲಿಯಲ್ಲಿ ಹೊಲಿದು, ಸ್ವಂತ ಅಂಗಡಿಗೆಂದು ಒಂದಿಷ್ಟು ಕೂಡಿಟ್ಟಿದ್ದ. ಅದನ್ನು ಷೇರಿಗೆ ಹಾಕಿಸಲು ಹೊರಟವನು ಅವಳ ತಮ್ಮ, ಷೇರು ದಲ್ಲಾಳಿಯ ಕಚೇರಿಯ ಗುಮಾಸ್ತ.

"ಅರ್ಧ ಇಲ್ಲಿ, ಅರ್ಧ ಆಚೆ ಹಾಕಿ ಭಾವ. ಒಂದು ಮುಳುಗಿದ್ರೆ ಇನ್ನೊಂದು ತೇಲಿಸುತ್ತೆ."

"ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ರೆ?" ಎಂದಳು ತೂಕದಕ್ಕ.

"ನಿನ್ನ ಹಗ್ಗ ಎಲ್ಲಿದೆ, ತೋರ್ಸಕ್ಕ."

ಅವಳು ಡೈರಿ ತಂದಳು. ತಮ್ಮ ಪುಟ ತಿರುವಿದ. ಹಿಂದಿನ ತಿಂಗಳಿಗೆ ಬಂದವನೇ ಊಟ ಬಿಟ್ಟು ನಕ್ಕ. ಲಾರಿಗಳ ಸಂಖ್ಯೆ ಚೂರೂ ಇಳಿದಿಲ್ಲ, ಬಾಣಗಳು ಮಾತ್ರ ಎತ್ತು ಏರಿಗೆ ಕೋಣ ನೀರಿಗೆ.

"ಭಾವ, ಮುಂದಿನ ಭಾನುವಾರ ಫಾರ್ಮು ತರ್ತೀನಿ. ಪೆನ್ನು ರೆಡಿ ಇಟ್ಕೊಳ್ಳಿ."

ಗಂಡ ಅವಳ ಮುಖ ನೋಡಿದ. ಅವಳು ಡೈರಿಯ ಆ ಪುಟವನ್ನೇ ಮತ್ತೆ ತೆರೆದಳು.

ಮಂಗಳವಾರ ಒಂದು ಲಾರಿ ತೂಕಕ್ಕೆ ಬಂತು. ಎಂದಿನಂತೆ ಪರದೆಯ ಅಂಕಿಯನ್ನು ಚೀಟಿಗಿಳಿಸಲು ಹೊರಟವಳು ಈ ಸಲ ತಡೆದು ಕಿಟಕಿಯಿಂದ ಬಗ್ಗಿದಳು. "ಏನಿದು, ಕಾಲು ಲೋಡು?"

"ಆಚೆ ಗೂಡು ರಿಪೇರಿ ಅಕ್ಕ, ಒಂದು ತಿಂಗಳಿಂದ ಹೀಗೇ. ನಮ್ಮ ಕರಾರು ಟ್ರಿಪ್ ಲೆಕ್ಕ. ಗಾಡಿ ಓಡಿದ್ರೆ ಸಾಕು, ಒಳಗೆ ಏನಿದೆ ಅಂತ ಯಾರು ಕೇಳ್ತಾರೆ?"

ತೂಕದಕ್ಕ ಹಣೆ ಚಚ್ಚಿಕೊಂಡಳು. ಕೇಳಬೇಕಾದವಳು ತಾನೇ. ಪ್ರತಿ ಲಾರಿಯ ತೂಕವನ್ನೂ ಚೀಟಿಯಲ್ಲಿ ಬರೆದು ಕಪಾಟಿಗೆ ಸೇರಿಸಿ, ಡೈರಿಯಲ್ಲಿ ಮಾತ್ರ ತಲೆ ಎಣಿಸಿದ್ದಳು!

ಆ ವಾರ ಊಟದ ಬಿಡುವಿನಲ್ಲೆಲ್ಲ ವರ್ಷದ ಚೀಟಿಗಳನ್ನು ಕೂಡಿದಳು. ಪೇಟೆ ತೆರೆದಿದ್ದ ಇನ್ನೂರ ನಲವತ್ತು ದಿನಗಳನ್ನು ಭಾರದ ಪ್ರಕಾರ ಜೋಡಿಸಿ, ಅತಿ ಭಾರದ ನೂರು ದಿನ ಒಂದು ಕಡೆ, ಅತಿ ಹಗುರದ ನೂರು ಇನ್ನೊಂದು ಕಡೆ ಇಟ್ಟಳು.

ಭಾನುವಾರ ಮೊದಲು ತಪ್ಪೊಪ್ಪಿಕೊಂಡಳು: "ತೂಕದವಳಾಗಿ ಲಾರಿ ಎಣಿಸ್ತಾ ಕೂತಿದ್ದೆ, ಟನ್ ನೋಡ್ಲಿಲ್ಲ."

"ಹೋಗ್ಲಿ ಬಿಡು, ನಾನು ಹೊರಗೆಲ್ಲೂ ಹೇಳಲ್ಲ," ಎಂದ ತಮ್ಮ. ಆದರೆ ಲೆಕ್ಕದಲ್ಲಿ ಅವನು ನಿಯತ್ತಿನ ಮನುಷ್ಯ. ಕ್ಯಾಲ್ಕುಲೇಟರ್ ತೆಗೆದು ಒಂದೂವರೆ ಗಂಟೆ ಅಕ್ಕನ ಕೂಡಿಕೆ ಪರೀಕ್ಷಿಸಿದ. ಹಗುರದ ನೂರು ದಿನಗಳಲ್ಲಿ ಪೇಟೆಗಳು ಒಂದೇ ದಿಕ್ಕಿಗೆ ಹೋದದ್ದು ಐವತ್ತೊಂದು ದಿನ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಭಾರದ ನೂರಕ್ಕೆ ಬಂದಾಗ ಅವನ ಬೆರಳು ನಿಂತಿತು.

"ಒಂದು ವರ್ಷದ ಲೆಕ್ಕ ಅಷ್ಟೇ. ಇದೇ ನಿಯಮ ಅಂತ ನಾನು ಹೇಳಲ್ಲ," ಎಂದಳು ತೂಕದಕ್ಕ. "ಆದ್ರೆ ಮುಂದಿನ ತಿಂಗಳು ಗೂಡು ಮತ್ತೆ ಹೊತ್ತುತ್ತೆ, ಲಾರಿ ತುಂಬುತ್ತೆ. ಆಮೇಲೆ ಬುಟ್ಟಿ ಎರಡಿದ್ರೂ ಹೊರೋ ಅಡ್ಡೆ ಒಂದೇ ಕಣೋ. ಅಡ್ಡೆ ಮುರಿದ್ರೆ ಎರಡೂ ನೆಲಕ್ಕೆ."

ತಮ್ಮ ಫಾರ್ಮನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸಿದ.

ದರ್ಜಿ ಈಗ ಸ್ವಂತ ಅಂಗಡಿಯಲ್ಲಿ ಕೂರುತ್ತಾನೆ. ಒಂದು ಕಿಟಕಿ, ಎರಡು ಯಂತ್ರ, ಗಿರಾಕಿಗೆ ಒಂದು ಬೆಂಚು. ಅಂಗಡಿ ತೆರೆದ ಐದನೆಯ ತಿಂಗಳು ಎರಡೂ ಪೇಟೆಗಳು ಒಂದೇ ವಾರದಲ್ಲಿ ಜಾರಿದವು. ಅಂದಿನಿಂದ ತಮ್ಮ ಪ್ರತಿ ಶುಕ್ರವಾರ ಫೋನು ಮಾಡಿ, "ಈ ವಾರ ಎಷ್ಟು ಟನ್ ಅಕ್ಕ?" ಎಂದು ಕೇಳುತ್ತಾನೆ.

ಷೇರಿಗೆ ಹಾಕಬೇಕೆಂದಿದ್ದ ದುಡ್ಡು ಅಂಗಡಿಗೇ ಬಂದದ್ದು ಹೇಗೆಂದು ಗಿರಾಕಿಗಳು ಕೇಳಿದರೆ ದರ್ಜಿ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟು ಆ ಭಾನುವಾರದ ಕಥೆ ಹೇಳುತ್ತಾನೆ. ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ ತಾನು ಒಂದೇ ಪ್ರಶ್ನೆ ಕೇಳಿದ್ದನಂತೆ: "ಭಾರ ಇದ್ದ ನೂರು ದಿನದಲ್ಲಿ ಎರಡೂ ಪೇಟೆ ಎಷ್ಟು ದಿನ ಒಟ್ಟಿಗೆ ಹೋಗಿವೆ?" ಹೆಂಡತಿ ಚೀಟಿಯ ಕಡೆ ನೋಡದೆಯೇ, ಲಾರಿಯ ತೂಕ ಕೂಗುವ ದನಿಯಲ್ಲಿ ಹೇಳಿದಳಂತೆ:

"ಎಪ್ಪತ್ತಾರು."