ಲೆನ್ಸಿಗೆ ಅಡ್ಡ ಹಿಡಿದ ಕೈ

ಬಾಬುಸಾಬರ ಬಲಗೈ ಬಗ್ಗೆ ಬರೆಯಬೇಕು. ಆ ಕೈ ಒಮ್ಮೆ ಒಬ್ಬನ ಬಿಡುಗಡೆಯನ್ನೇ ನುಂಗಿಬಿಡುವುದರಲ್ಲಿತ್ತು.

ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಅವರು ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದರು. ಪರದೆಯ ಮೇಲೆ ನಾಯಕ ನಾಯಕಿ ಮಿತಿಮೀರಿ ಹತ್ತಿರ ಬಂದರೆ ಸಾಕು, ಕೆಳಗೆ ಮನೆಮಂದಿ ಕೂತಿದ್ದಾರೆ ಎಂದು ಲೆನ್ಸಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಮುಂದಿನ ಸಾಲಿನವರು ಶಿಳ್ಳೆ ಹೊಡೆದು ಬೈಯುತ್ತಿದ್ದರು, ಬಾಲ್ಕನಿಯ ಹಿರಿಯರು ಸಮಾಧಾನದ ಉಸಿರು ಬಿಡುತ್ತಿದ್ದರು. ಟಾಕೀಸು ಕೆಡವಿದ ಮೇಲೆ ಗೋಕುಲ ರಸ್ತೆಯ ಮನೆಯಲ್ಲಿ ಸುಮ್ಮನೆ ಕೂಡುವ ಜೀವ ಅಲ್ಲ ಅದು. ಪ್ರೊಜೆಕ್ಟರ್ ಒಂದನ್ನು ಕೊಂಡು ಶಾಲೆ, ಬಡಾವಣೆ ಎಂದು ಮಕ್ಕಳ ಸಿನಿಮಾ ತೋರಿಸುತ್ತ ತಿರುಗತೊಡಗಿದರು.

ನಾನು ಸುಮಲತಾ, ಕೆಲಗೇರಿಯವಳು, ನಿವೃತ್ತ ಶಿಕ್ಷಕಿ. ನಮ್ಮ ಕಡೆಯ ಒಂದು ಜೈಲಿನಲ್ಲಿ ವಾರಕ್ಕೆರಡು ದಿನ ಕೈದಿಗಳಿಗೆ ಓದು ಬರಹ ಕಲಿಸುತ್ತೇನೆ. ಹೋದ ವರ್ಷ ಅಲ್ಲಿ ಅವರ ಮನೆಯವರನ್ನು ಒಂದು ಮಧ್ಯಾಹ್ನ ಒಳಗೆ ಬಿಡುವುದೆಂದು ಆಯಿತು. ನಡುವೆ ಜಾಲರಿ ಇಲ್ಲ, ಪಕ್ಕದಲ್ಲೇ ಕೂತು ಒಂದು ಸಿನಿಮಾ ನೋಡಬಹುದು. ತೋರಿಸುವವರನ್ನು ಹುಡುಕುವ ಕೆಲಸ ನನ್ನ ಹೆಗಲಿಗೆ ಬಿತ್ತು.

"ಮನಿಮಂದಿ ಕೂಡಿ ನೋಡೂವಂಥಾದ್ದು ಬೇಕ್ರಿ ಬಾಬುಸಾಬ್," ಅಂದೆ.

"ನನ್ನ ಮ್ಯಾಲ ಬಿಡ್ರಿ ಟೀಚರ್ರ. ಮುದ್ದಾಡೂದು ಇದ್ರ ಹಿರ್ಯಾರು ತಲಿ ತಗ್ಗಸ್ತಾರ, ಬಡದಾಡೂದು ಇದ್ರ ಸಣ್ಣವು ಅಳ್ತಾವ. ತಪ್ಪಿಸಿಕೊಂಡು ಓಡೂದು ಇತ್ತಂದ್ರ ಅಜ್ಜಿಯಿಂದ ಮೊಮ್ಮಗನ ತನಕ ಎಲ್ಲಾರೂ ಕಣ್ಣ ಬಿಟ್ಕೊಂಡು ಕೂಡ್ತಾರ. ನನ್ನ ಕಡೆ ಇರೂವೆಲ್ಲಾ ಅಂಥಾವ."

ಎಲ್ಲಿ ತೋರಿಸುವುದು ಎಂಬುದನ್ನು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಇಬ್ಬರ ಬುದ್ಧಿಗೂ ಮಣ್ಣು ಹಾಕಬೇಕು.

ಊಟದ ಹಾಲಿನ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಅಡುಗೆಮನೆಯ ಬಾಗಿಲಿಗೆ ಸ್ವಲ್ಪ ಮುಂದಾಗಿ ಬಿಳಿ ಬಟ್ಟೆಯ ಪರದೆ. ನನ್ನ ಮುಂದೆ ಹುಲಗೇಶ ಕೂತಿದ್ದ, ನನ್ನ ತರಗತಿಯವನು. ಒಳಗೆ ಬಂದು ಆರು ವರ್ಷ. ಸನ್ನಡತೆಯ ಮೇಲೆ ಬಿಡುಗಡೆಯಾಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು, ಇನ್ನು ಹದಿನೆಂಟೇ ದಿನ. ಅವನ ತಾಯಿ ಸಾವಕ್ಕ ಮೊಮ್ಮಗಳು ಭಾಗ್ಯಾಳನ್ನು ಕರೆತಂದಿದ್ದಳು. ಅವಳಿಗೂ ಆರು ವರ್ಷ. ಅಪ್ಪನ ಅಂಗಿಯ ತೋಳು ಮೊದಲ ಸಲ ಹಿಡಿದು ನೋಡುತ್ತಿದ್ದಳು, ಬಿಟ್ಟರೆ ಎಲ್ಲಿ ಹೋದಾನೋ ಎಂಬಂತೆ.

ಸಿನಿಮಾ ಶುರುವಾಯಿತು. ಮೃಗಾಲಯದ ಬೋನಿನಲ್ಲಿ ತಾಯಿ ಜಿಂಕೆ, ಮರಿ. ಮುಳ್ಳುಹಂದಿಯೊಂದು ಅವಕ್ಕೆ ಸುರಂಗ ಕೊರೆಯತೊಡಗಿತು. ಖಾಕಿ ತೊಟ್ಟ ಡೊಳ್ಳುಹೊಟ್ಟೆಯ ಕಾವಲುಗಾರ ಗೊರಕೆ ಹೊಡೆದ. ಕೈದಿಗಳು ಗೊಳ್ಳೆಂದು ನಕ್ಕರು. ಗೋಡೆಗೆ ನಿಂತ ಸಿಬ್ಬಂದಿ ನಗಲಿಲ್ಲ. ಅಯ್ಯೋ ದೇವರೇ, ಜೈಲಿನೊಳಗೆ ಜೈಲು ಒಡೆಯುವ ಸಿನಿಮಾ! ತಿರುಗಿ ನೋಡಿದರೆ ಬಾಬುಸಾಬರ ಮುಖ ಬಿಳಿಚಿಹೋಗಿತ್ತು. ಜೈಲರ್ ಕುರ್ಚಿಯಿಂದ ಅರ್ಧ ಎದ್ದರು. ಮರಿ ಸುರಂಗದ ಬಾಯಲ್ಲಿ ಸಿಕ್ಕಿಬಿತ್ತು.

ಆಗ ಆ ಬಲಗೈ ತಾನಾಗಿಯೇ ಹೋಗಿ ಲೆನ್ಸಿಗೆ ಅಡ್ಡ ನಿಂತಿತು.

ಟಾಕೀಸಿನಲ್ಲಿ ಕತ್ತಲೆಯಾದರೆ ಶಿಳ್ಳೆ ಕೇಳುತ್ತದೆ. ಅಲ್ಲಿ ಕಾವಲಿನವರ ಸೀಟಿ ಕೇಳಿತು. "ದೀಪಾ! ದೀಪಾ ಹಚ್ರಿ! ಎಲ್ಲಾರೂ ಕುಂಡ್ರ್ರಿ!" ದೀಪ ಬಂತು, ಬಾಗಿಲು ಹಾಕಿದರು, ಕೈದಿಗಳ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಒಂದು ತಲೆ ಕಡಿಮೆ.

ಹುಲಗೇಶ ಇರಲಿಲ್ಲ. ಸಾವಕ್ಕ ಬಾಯಿಗೆ ಸೆರಗು ತುರುಕಿಕೊಂಡಳು.

ಪರದೆಯ ಹಿಂದೆ, ಅಡುಗೆಮನೆ ಬಾಗಿಲಿಂದ ಎರಡೇ ಹೆಜ್ಜೆ ದೂರದಲ್ಲಿ ಅವನು ಸಿಕ್ಕ. ಮಗಳನ್ನು ಅವುಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ರಟ್ಟೆ ಹಿಡಿದು ಎಳೆತಂದರು.

"ಮರಿ ಎಲ್ಲಿ ಹೋತು ಅಂತ ಕೂಸು ಹಿಂದಕ ಓಡಿತ್ರಿ ಸಾಹೇಬ್ರ. ಕತ್ತಲಾಗ ಅಂಜೀತು ಅಂತ ಹೋದ್ನಿರಿ," ಅಂದ.

"ಹದಿನೆಂಟ ದಿನ ತಡಕೊಳ್ಳಾಕ ಆಗಲಿಲ್ಲೇನು?" ಜೈಲರ್ ಹಲ್ಲು ಕಡಿದರು. "ಸುರಂಗದ ಸಿನಿಮಾ, ಸರಿಯಾದ ಹೊತ್ತಿಗೆ ಕತ್ತಲಿ, ಹಿಂದ ಬಾಗಿಲಾ. ಈ ಕತಿ ಯಾರು ಕಟ್ಟಿದ್ದು? ಪಟ್ಟಿಯಾಗಿನ ಹೆಸರು ಹೊಡದ ಹಾಕ್ತೇನಿ."

ಯಂತ್ರ ಕೆಟ್ಟಿತು ಎಂದಿದ್ದರೆ ಬಾಬುಸಾಬರು ಪಾರಾಗುತ್ತಿದ್ದರು. ಅವರು ಆ ಕೈಯನ್ನೇ ಮುಂದೆ ಚಾಚಿ ಎದ್ದು ನಿಂತರು.

"ಕತ್ತಲಿ ಮಾಡಿದ್ದು ನಾನ್ರಿ ಸಾಹೇಬ್ರ. ನೋಡಬಾರದ್ದು ಬಂದ್ರ ಕೈ ಅಡ್ಡ ಹಿಡಿಯೂದು ನನ್ನ ಮೂವತ್ತ ವರ್ಷದ ಚಟಾರಿ. ಆ ಹುಡಗಂದು ಏನೂ ತಪ್ಪಿಲ್ಲ. ಹಿಡಿಯೂದಿದ್ರ ನನ್ನ ಹಿಡೀರಿ."

ಜೈಲರ್ ಅವರನ್ನೇ ದಿಟ್ಟಿಸಿದರು. ಆಮೇಲೆ ಪರದೆಯ ಹಿಂದಿನ ಬಾಗಿಲಿಗೆ ಇಬ್ಬರನ್ನು ನಿಲ್ಲಿಸಿದರು. "ಅದ ಜಾಗಾದಿಂದ ಮತ್ತ ಹಚ್ರಿ. ಅಲ್ಲೇ ಕೈ ಅಡ್ಡ ಹಿಡೀರಿ. ಖರೇ ಏನೈತಿ ನೋಡೂಣು."

ದೀಪ ಆರಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಆರು ವರ್ಷದ ಕೂಸಿನ ಕೈಯಲ್ಲಿ ಸಾಕ್ಷಿ ಹೇಳಿಸುತ್ತಾರಲ್ಲ! ಭಾಗ್ಯಾಳಿಗೆ ಇದೆಲ್ಲ ಏನು ಗೊತ್ತು? ಅವಳು ಪರದೆಯನ್ನೇ ನೋಡುತ್ತಿದ್ದಳು. ಮರಿ ಮತ್ತೆ ಸುರಂಗದ ಬಾಯಲ್ಲಿ ಸಿಕ್ಕಿಬಿತ್ತು. ಬಾಬುಸಾಬರ ಕೈ ಅಡ್ಡ ಬಂತು.

ಕತ್ತಲಲ್ಲಿ ಪುಟ್ಟ ಕಾಲಿನ ಸದ್ದು ಪಟಪಟನೆ ಪರದೆಯ ಕಡೆ ಓಡಿತು.

"ಅಪ್ಪಾ, ಮರಿ ಇಲ್ಲೂ ಇಲ್ಲೋ! ಅಪ್ಪಾ!" ಧ್ವನಿ ಪರದೆಯ ಹಿಂದಿನಿಂದ ಬರುತ್ತಿತ್ತು. ಮೊದಲು ಕರೆದಳು, ಆಮೇಲೆ ಅತ್ತಳು. ಬಾಬುಸಾಬರು ತಡೆಯಲಾರದೆ ಕೈ ತೆಗೆದರು. ಆ ಬೆಳಕಿನಲ್ಲಿ ನೋಡಿದೆ. ಹುಲಗೇಶ ಕೂತಲ್ಲೇ ಕೂತಿದ್ದ. ಎರಡೂ ಕೈಯಿಂದ ಮೊಣಕಾಲು ಬಿಗಿಯಾಗಿ ಹಿಡಿದುಕೊಂಡಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಏಳಲಿಲ್ಲ.

ಜೈಲರ್ ಹುಲಗೇಶನ ಕಡೆ ತಿರುಗಿದರು. "ಹೋಗಪಾ, ಕರಕೊಂಡ ಬಾ."

ಅವನು ಎದ್ದ. ಎರಡೂ ಕೈ ಮೇಲೆತ್ತಿಕೊಂಡು, ಪ್ರತಿ ಹೆಜ್ಜೆಗೂ ಬಾಗಿಲ ಕಾವಲಿನವರನ್ನು ನೋಡುತ್ತ ನಿಧಾನ ನಡೆದ. ಪರದೆಯ ಅಂಚಿನಿಂದ ಭಾಗ್ಯಾ ಹೊರಗೆ ಬಂದಳು. ಅಪ್ಪನ ಎತ್ತಿದ ಕೈ ನೋಡಿ ಅಳು ನಿಲ್ಲಿಸಿದಳು. ತನ್ನ ಎರಡೂ ಕೈ ಮೇಲೆತ್ತಿ, ಎತ್ತಿಕೋ ಎಂದು ನಿಂತಳು.

ಅವನಿಗೆ ಕೈ ಇಳಿಸುವ ಧೈರ್ಯ ಬರಲಿಲ್ಲ. ಇಬ್ಬರೂ ಹಾಗೇ ಎದುರುಬದುರು ನಿಂತಿದ್ದರು.

"ಕೈ ಇಳಸೋ ಮಾರಾಯಾ," ಅಂದರು ಜೈಲರ್, "ಎತ್ಕೋ ಅದನ್ನ."