ಹಂದನಕೆರೆಯಲ್ಲಿ ಕೈ ತೊಳೆದದ್ದು

ಹವಾಮಾನ ಬದಲಾವಣೆಯ ಸಂಶೋಧನೆಗೆ ನಮ್ಮೊಡನೆ ಕೈಜೋಡಿಸುವ, ನೀರಿಗೆ ಕಷ್ಟವಿರುವ ಊರು ಹುಡುಕುತ್ತ ಹಂದನಕೆರೆಗೆ ಬಂದೆವು. ತೆಂಗಿನ ತೋಟದ ಯಜಮಾನರೊಬ್ಬರು ಜಗಲಿಯಲ್ಲಿ ಕೂರಿಸಿ ಉಪ್ಪಿಟ್ಟು ಕೊಟ್ಟರು.

"ನೀರಿಗೆ ತೊಂದರೆ ಇದೆಯಾ?" ಎಂದೆ.

"ಎಲ್ಲೈತೆ ತೊಂದ್ರೆ? ಪಕ್ಕದೂರಲ್ಲಿ ಕೇಳಿ, ಅಲ್ಲಿ ಒಂದು ಹನೀನೂ ಇಲ್ಲ."

ಪಕ್ಕದೂರಿನಿಂದಲೇ ಬಂದಿದ್ದೆವು. ಅಲ್ಲಿಯವರು ಈ ಊರಿನತ್ತ ಕೈ ತೋರಿಸಿದ್ದರು.

ಗುಟ್ಟು ಒಡೆದದ್ದು ಯಜಮಾನರ ಹೆಂಡತಿ: "ಮಗನಿಗೆ ಹೆಣ್ಣು ನೋಡ್ತಾ ಇದೀವಿ ಕಣಪ್ಪ. ನೀರಿಲ್ಲ ಅಂತ ನೀವು ಬರ್ಕೊಂಡೋದ್ರೆ ಯಾರು ಕೊಡ್ತಾರೆ?"

"ಸುಮ್ಕಿರೇ! ಬೋರಲ್ಲಿ ನೀರು ಉಕ್ತಾ ಐತೆ," ಎಂದು ಯಜಮಾನರು ಗದರಿದರು.

ತಿಂದಾದ ಮೇಲೆ ಕೈ ತೊಳೆಯಲು ನೀರು ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಯಜಮಾನರು ಮಚ್ಚು ತಂದು, ಎಳನೀರು ಕೆತ್ತಿ, ನನ್ನ ಅಂಗೈಗೆ ಸುರಿದರು.

"ನೆಂಟ್ರು ಬಂದ್ರೆ ನಮ್ ಕಡೆ ಇದೇ ಪದ್ಧತಿ ಕಣ್ರೀ."